ಕಿರುಬೆರಳಿನ ಋಣ

ಶಿಡ್ಲಘಟ್ಟದಿಂದ ಹೊರಟರೆ ಮೇಲೂರು, ಮುಂದೆ ವಿಜಯಪುರ, ಅಲ್ಲಿಂದ ದೇವನಹಳ್ಳಿ. ದಾರಿಯ ಎರಡೂ ಬದಿಗೆ ಹಿಪ್ಪುನೇರಳೆ ತೋಟಗಳು, ಹುಳು ಮನೆಗಳು, ನಡುನಡುವೆ ರಾಗಿ ಹೊಲ. ಮದುವೆ ಕಾಲದಲ್ಲಿ ಈ ರಸ್ತೆಯಲ್ಲಿ ಹೋದರೆ ಕಲ್ಯಾಣ ಮಂಟಪಗಳ ಮುಂದೆ ಬಾಳೆಕಂಬ, ದೀಪದ ಸರ, ವಧೂವರರ ಹೆಸರು ಬರೆದ ಹೂವಿನ ಫಲಕ ಕಾಣುತ್ತವೆ. ಇನ್ನೂರು ವರ್ಷಗಳ ಹಿಂದೆ ಈ ಸೀಮೆಯಲ್ಲಿ ಮಗಳ ಮದುವೆಗೆ ತಾಯಿ ಏನು ತೆರಬೇಕಾಗಿತ್ತು ಎಂಬುದು ಇವತ್ತು ಅಲ್ಲಿ ಊಟಕ್ಕೆ ಕೂತವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ಗೊತ್ತಿದ್ದವರೂ ಎಲೆಯ ಮುಂದೆ ಕೂತು ಆಡುವ ಮಾತಲ್ಲ ಅದು.

1805ರ ಆಗಸ್ಟ್ ತಿಂಗಳಲ್ಲಿ ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಶಿಡ್ಲಘಟ್ಟದಿಂದ ದೇವನಹಳ್ಳಿಗೆ ಹೊರಟಿದ್ದ. ಟಿಪ್ಪು ಬಿದ್ದು ಆರು ವರ್ಷವಾಗಿತ್ತು. ವಿಲ್ಕ್ಸ್ ಮೈಸೂರಿನಲ್ಲಿ ಕಂಪನಿಯ ಪರವಾಗಿ ರೆಸಿಡೆಂಟ್ ಕೆಲಸ ನೋಡಿಕೊಳ್ಳುತ್ತಿದ್ದವನು. ಮುಂದೆ ಸೇಂಟ್ ಹೆಲೆನಾ ದ್ವೀಪಕ್ಕೆ ಗವರ್ನರ್ ಆಗಿ ಹೋಗಿ, ಅಲ್ಲಿ ಸೆರೆಯಾಳಾಗಿ ಬಂದ ನೆಪೋಲಿಯನ್‌ನೊಡನೆ ಮಾತುಕತೆ ನಡೆಸಿದವನೂ ಇವನೇ. ದಾರಿಯಲ್ಲಿ ಅವನಿಗೆ ಆಕಸ್ಮಿಕವಾಗಿ ಒಂದು ಸುದ್ದಿ ಸಿಕ್ಕಿತು. ಈ ಕಡೆಯ ಒಕ್ಕಲು ಮಕ್ಕಳಲ್ಲಿ ಒಂದು ಪಂಗಡವಿದೆ, ಅವರ ಹೆಂಗಸರು ಬಲಗೈಯ ಉಂಗುರ ಬೆರಳು ಮತ್ತು ಕಿರುಬೆರಳಿನ ತುದಿಯ ಗೆಣ್ಣುಗಳನ್ನು ಕತ್ತರಿಸಿ ದೇವರಿಗೆ ಕೊಡುತ್ತಾರೆ ಎಂದು.

ವಿಲ್ಕ್ಸ್ ಹಾಗೇ ನಂಬಲಿಲ್ಲ. ದೇವನಹಳ್ಳಿ ಮುಟ್ಟಿದ ಮೇಲೆ, ಕೇಳಿದರೆ ಯಾರಿಗೂ ಬೇಸರವಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅಂಥ ಹೆಂಗಸರನ್ನು ನೋಡಬೇಕೆಂದು ಹೇಳಿ ಕಳಿಸಿದ. ಅದೇ ಮಧ್ಯಾಹ್ನ ಏಳು ಮಂದಿ ಅವನ ಡೇರೆಗೆ ಬಂದರು. ಮೊರಸು ಒಕ್ಕಲಿನವರು. ಕೈ ತೋರಿಸಿದರು. ಹೀಗೇಕೆ ಎಂದು ಕೇಳಿದಾಗ ಅವರಲ್ಲೊಬ್ಬಳು ತಡವರಿಸದೆ ಒಂದು ಕಥೆ ಹೇಳಿದಳು. 1810ರಲ್ಲಿ ಲಂಡನ್ನಿನಲ್ಲಿ ಮೊದಲ ಸಂಪುಟ ಅಚ್ಚಾದ ತನ್ನ ಮೈಸೂರು ಇತಿಹಾಸದಲ್ಲಿ ವಿಲ್ಕ್ಸ್ ಅದನ್ನು ಬರೆದಿಟ್ಟ. ಆ ಮೇಲೆ ಮೈಸೂರಿನ ಗೆಜೆಟಿಯರ್ ಬರೆದ ಬಿ.ಎಲ್. ರೈಸ್, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ 1909ರಲ್ಲಿ ಏಳು ಸಂಪುಟ ಹೊರತಂದ ಎಡ್ಗರ್ ಥರ್ಸ್ಟನ್ ಎಲ್ಲರೂ ಆ ಕಥೆಯನ್ನು ಮತ್ತೆ ಮತ್ತೆ ಹೇಳಿದ್ದಾರೆ.

ಕಥೆ ನಮಗೆ ಅರ್ಧ ಗೊತ್ತಿರುವುದೇ. ವೃಕನೆಂಬ ರಾಕ್ಷಸ, ನಾವು ಭಸ್ಮಾಸುರ ಎನ್ನುವವನು, ತಪಸ್ಸು ಮಾಡಿ ಶಿವನಿಂದ ವರ ಪಡೆದ. ತಾನು ಯಾರ ತಲೆಯ ಮೇಲೆ ಕೈ ಇಟ್ಟರೂ ಅವರು ಬೂದಿಯಾಗಬೇಕು. ವರ ಸಿಕ್ಕಿದ್ದೇ ತಡ, ಕೊಟ್ಟವನ ತಲೆಯ ಮೇಲೇ ಪರೀಕ್ಷೆ ಮಾಡಲು ಹೊರಟ. ಶಿವ ಓಡಿದ. ಓಡಿ ಓಡಿ ಒಂದು ದಟ್ಟ ತೋಪಿನೊಳಗೆ ಅಡಗಿಕೊಂಡ. ಲಿಂಗತೊಂಡೆ ಬಳ್ಳಿಯ ಕಾಯೊಳಗೆ ಸೇರಿಕೊಂಡ ಎಂದೂ ಒಂದು ಪಾಠವಿದೆ. ಆ ಕಾಯಿ ಒಡೆದು ಬೀಜ ನೋಡಿದವರಿಗೆ ಹೆಸರು ಯಾಕೆ ಬಂತೆಂದು ಹೇಳಬೇಕಾಗಿಲ್ಲ.

ಇಲ್ಲಿಂದ ಮುಂದಿನದು ಮೊರಸುನಾಡಿನ ಸ್ವಂತದ್ದು. ಅಟ್ಟಿಸಿಕೊಂಡು ಬಂದ ರಾಕ್ಷಸ ಹೊಲದಲ್ಲಿ ಉಳುತ್ತಿದ್ದ ಒಕ್ಕಲಿಗನನ್ನು ಕೇಳಿದ, ಈ ಕಡೆ ಯಾರಾದರೂ ಓಡಿಹೋದರೇ ಎಂದು. ಒಕ್ಕಲಿಗನಿಗೆ ಎರಡೂ ಕಡೆಯ ಭಯ. ಹೇಳಿದರೆ ದೇವರ ಕೋಪ, ಹೇಳದಿದ್ದರೆ ರಾಕ್ಷಸನ ಕೋಪ. ಬಾಯಲ್ಲಿ ಗಟ್ಟಿಯಾಗಿ ‘ನಾನು ಯಾರನ್ನೂ ನೋಡಲಿಲ್ಲ’ ಎಂದ. ಕಿರುಬೆರಳಿನಿಂದ ತೋಪಿನ ಕಡೆ ತೋರಿಸಿದ. ಅಷ್ಟರಲ್ಲಿ ವಿಷ್ಣು ಚೆಲುವೆಯ ರೂಪದಲ್ಲಿ ಬಂದು ರಾಕ್ಷಸನ ಕೈಯನ್ನು ಅವನ ತಲೆಯ ಮೇಲೇ ಇಡಿಸಿ ಬೂದಿ ಮಾಡಿದ. ಹೊರಬಂದ ಶಿವ ಒಕ್ಕಲಿಗನನ್ನು ಹಿಡಿದ. ತಪ್ಪು ಮಾಡಿದ ಬೆರಳನ್ನು ಕೊಡು ಎಂದ. ಆ ಹೊತ್ತಿಗೆ ಒಕ್ಕಲಿಗನ ಹೆಂಡತಿ ಹೊಲಕ್ಕೆ ಬುತ್ತಿ ಹೊತ್ತು ಬಂದಳು. ವಿಷಯ ತಿಳಿದು ಶಿವನ ಕಾಲು ಹಿಡಿದಳು. ಇವನ ಕೈ ಊನವಾದರೆ ಉಳುವವರು ಯಾರು, ಮನೆ ಮಂದಿಯ ಹೊಟ್ಟೆ ತುಂಬಿಸುವವರು ಯಾರು, ಒಂದು ಬೆರಳಿನ ಬದಲು ನನ್ನ ಎರಡು ಬೆರಳು ತೆಗೆದುಕೋ ಎಂದಳು. ಶಿವ ಒಪ್ಪಿದ. ಇನ್ನು ಮುಂದೆ ನಿನ್ನ ಸಂತತಿಯ ಹೆಣ್ಣುಮಕ್ಕಳೆಲ್ಲ ನನಗೆ ಎರಡು ಬೆರಳು ಒಪ್ಪಿಸಬೇಕು ಎಂದು ವಿಧಿಸಿದ.

ಭಾಗವತದ ಹತ್ತನೇ ಸ್ಕಂಧದಲ್ಲೂ ವೃಕಾಸುರನ ಕಥೆ ಬರುತ್ತದೆ. ಅಲ್ಲಿ ವಿಷ್ಣು ಬ್ರಹ್ಮಚಾರಿಯ ವೇಷದಲ್ಲಿ ಬಂದು ರಾಕ್ಷಸನನ್ನು ಮಾತಿನಲ್ಲಿ ಮರುಳು ಮಾಡುತ್ತಾನೆ. ಅಲ್ಲಿ ಹೊಲವಿಲ್ಲ, ನೇಗಿಲಿಲ್ಲ, ಬುತ್ತಿ ಹೊತ್ತ ಹೆಂಗಸಿಲ್ಲ. ಎಲ್ಲ ಕಡೆಯ ಪುರಾಣವನ್ನು ನಮ್ಮ ಜನ ತಮ್ಮ ಹೊಲದ ಬದುವಿಗೆ ತಂದು ಕೂರಿಸಿಕೊಂಡಿದ್ದಾರೆ. ಕೋಲಾರದ ಬಳಿಯ ಸೀತಿಬೆಟ್ಟವನ್ನು ಆ ಪ್ರಸಂಗ ನಡೆದ ಜಾಗವೆಂದು ಗುರುತಿಸಿದ್ದಾರೆ. ಬೆಟ್ಟದ ಮೇಲೆ ಭೈರವನ ಗುಡಿಯಿದೆ. ಬೆರಳಿನ ಹರಕೆಗೂ ಆ ದೇವರಿಗೂ ನಂಟು ಬೆಳೆದದ್ದು ಹೀಗೆ.

ಹರಕೆ ಒಪ್ಪಿಸುವುದು ಯಾವಾಗ? ಹಿರಿಯ ಮಗಳ ಮದುವೆ ಗೊತ್ತಾಗುವ ಮೊದಲು. ಆಗ ಕಿವಿ ಚುಚ್ಚುವುದೇ ಮದುವೆಯ ಮೊದಲ ಮೆಟ್ಟಿಲು. ಹಿರಿಯ ಮಗಳ ಕಿವಿ ಚುಚ್ಚಿಸಬೇಕೆಂದರೆ ಮೊದಲು ತಾಯಿ ಬೆರಳು ಕೊಡಬೇಕು. ಕೊಡದಿದ್ದರೆ ಕಿವಿ ಚುಚ್ಚುವ ಹಾಗಿಲ್ಲ, ಕಿವಿ ಚುಚ್ಚದೆ ನಿಶ್ಚಯವಿಲ್ಲ, ನಿಶ್ಚಯವಿಲ್ಲದೆ ಮದುವೆಯಿಲ್ಲ. ಊರಿನ ಕಮ್ಮಾರ ಗೊತ್ತಾದ ಕೂಲಿಗೆ ಆ ಕೆಲಸ ಮಾಡುತ್ತಿದ್ದ. ಹೆಂಗಸು ಬೆರಳನ್ನು ದಿಮ್ಮಿಯ ಮೇಲೆ ಇಡಬೇಕು, ಕಮ್ಮಾರ ಗೆಣ್ಣಿನ ಸಂದಿಗೆ ಉಳಿ ಹಿಡಿದು ಒಂದೇ ಏಟು. ಹುಡುಗಿಗೆ ತಾಯಿ ಇಲ್ಲದಿದ್ದರೆ? ಅದಕ್ಕೂ ಕಟ್ಟಳೆ ಇತ್ತು. ಹುಡುಗನ ತಾಯಿ ಅದುವರೆಗೆ ಬೆರಳು ಕೊಟ್ಟಿರದಿದ್ದರೆ ಆಕೆ ಕೊಡಬೇಕು.

ಇದೇ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಓಡಾಡಿಕೊಂಡಿದ್ದ ಫ್ರೆಂಚ್ ಪಾದ್ರಿ ದ್ಯುಬುವಾ ಕೂಡ ಈ ಆಚಾರವನ್ನು ದಾಖಲಿಸಿದ್ದಾನೆ. ಅವನ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 1807ರಲ್ಲಿ ಕೊಂಡುಕೊಂಡಿತು, 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಯಾವ ಬೆರಳು ಎಂಬಲ್ಲಿ ಅವನ ವಿವರ ವಿಲ್ಕ್ಸ್‌ನದಕ್ಕಿಂತ ಸ್ವಲ್ಪ ಬೇರೆ. ಉಳಿದಂತೆ ಹಿರಿಯ ಮಗಳ ಮದುವೆ, ತಾಯಿಯ ಬೆರಳು, ತಾಯಿ ಇಲ್ಲದಿದ್ದರೆ ಗಂಡಿನ ಕಡೆಯವಳು, ಇದೆಲ್ಲ ಒಂದೇ. ಇಬ್ಬರು ಬೇರೆ ಬೇರೆ ಜನ ಬರೆದದ್ದು ಹೀಗೆ ತಾಳೆಯಾಗುವುದರಿಂದ ಇದನ್ನು ಪರದೇಶಿಯ ಕಟ್ಟುಕಥೆ ಎಂದು ತಳ್ಳಿಹಾಕಲಾಗದು.

ಆದರೂ ಒಂದು ಮಾತನ್ನು ನೆನಪಿಡಬೇಕು. ಮೊರಸು ಒಕ್ಕಲಿನಲ್ಲಿ ‘ಸಾಲು’ ಎಂದು ಕರೆಯುವ ಹಲವು ಒಳಪಂಗಡಗಳಿದ್ದವು. ಎಲ್ಲರಲ್ಲೂ ಈ ಆಚಾರವಿರಲಿಲ್ಲ. ಇದ್ದ ಪಂಗಡಕ್ಕೆ ದಾಖಲೆಗಳು ‘ಬೆರಳು ಕೊಡುವವರು’ ಎಂದೇ ಹೆಸರು ಕೊಟ್ಟಿವೆ. ಕತ್ತರಿಸುವುದು ಎಂಬ ಮಾತಿಲ್ಲ, ಕೊಡುವುದು. ಹೊರಗಿನವನಿಗೆ ಕಂಡದ್ದು ಉಳಿ ಮತ್ತು ರಕ್ತ. ಒಳಗಿನವರ ಮಾತಿನಲ್ಲಿ ಅದು ಕಾಣಿಕೆ.

ಈಗ ಕಥೆಯನ್ನು ಇನ್ನೊಮ್ಮೆ ನೋಡೋಣ. ತಪ್ಪು ಮಾಡಿದವನು ಗಂಡ. ಅದೂ ಎಂಥ ತಪ್ಪು! ಬಾಯಲ್ಲಿ ಒಂದು, ಬೆರಳಲ್ಲಿ ಒಂದು. ಎರಡು ಬಲಿಷ್ಠರ ನಡುವೆ ಸಿಕ್ಕಿಕೊಂಡ ಬಡ ಬೇಸಾಯಗಾರ ಮಾಡುವಂಥದ್ದೇ. ಹೈದರನ ದಂಡು, ಮರಾಠರ ದಂಡು, ಕಾರ್ನ್‌ವಾಲಿಸ್‌ನ ದಂಡು ಒಂದಾದ ಮೇಲೊಂದು ಹಾದುಹೋದ ನಾಡು ಇದು. 1791ರಲ್ಲಿ ನಂದಿದುರ್ಗಕ್ಕೆ ಮುತ್ತಿಗೆ ಬಿದ್ದಾಗ ಸುತ್ತಲ ಹಳ್ಳಿಗಳ ಒಕ್ಕಲು ಮಕ್ಕಳನ್ನು ಎಷ್ಟು ಜನ ‘ಯಾರು ಈ ಕಡೆ ಓಡಿಹೋದರು’ ಎಂದು ಕೇಳಿರಲಿಕ್ಕಿಲ್ಲ! ಕಥೆ ಹುಟ್ಟಿದ್ದು ಅದಕ್ಕಿಂತ ಹಿಂದೆಯೇ ಇರಬಹುದು. ಆದರೆ ಅದು ಉಳಿದು ಬಂದದ್ದಕ್ಕೆ ಕೇಳಿದವರ ಬದುಕಿನಲ್ಲೂ ಅದೇ ಇಕ್ಕಟ್ಟು ಇದ್ದದ್ದು ಒಂದು ಕಾರಣವಿರಬೇಕು.

ತಪ್ಪು ಗಂಡನದು, ತೆತ್ತವಳು ಹೆಂಡತಿ. ಅವನ ಒಂದು ಬೆರಳಿಗೆ ಇವಳ ಎರಡು. ಬದಲಿಗೂ ಬಡ್ಡಿ ಸೇರಿಕೊಂಡಿದೆ. ಅವಳು ಕೊಟ್ಟ ಕಾರಣ ಭಕ್ತಿಯದಲ್ಲ, ಬೇಸಾಯದ್ದು. ಮೇಣಿ ಹಿಡಿಯುವ ಕೈಗೆ ಹಿಡಿತ ಪೂರ್ತಿ ಬೇಕು. ಕಳೆ ಕೀಳಲು, ರಾಗಿ ಬೀಸಲು, ಮುದ್ದೆ ತಿರುವಲು ಎರಡು ಗೆಣ್ಣು ಕಡಿಮೆಯಾದರೂ ಹೇಗೋ ನಡೆಯುತ್ತದೆ ಎಂಬ ಲೆಕ್ಕ ಅದು. ಆ ಲೆಕ್ಕ ಸರಿಯೇ? ಬೀಸುವ ಕಲ್ಲಿನ ಗೂಟ ಹಿಡಿದವರಿಗೆ ಗೊತ್ತು, ಅಲ್ಲಿಯೂ ಹಿಡಿತ ಬೇಕು. ಆದರೆ ಮನೆಯ ಲೆಕ್ಕದಲ್ಲಿ ಗಂಡಸಿನ ಕೈ ಬಂಡವಾಳ, ಹೆಂಗಸಿನ ಕೈ ಖರ್ಚು ಮಾಡಬಹುದಾದದ್ದು ಎಂದು ಬರೆದಿಟ್ಟಿತ್ತು. ಕಥೆ ಆ ಲೆಕ್ಕಕ್ಕೆ ದೇವರ ಸಹಿ ಹಾಕಿಸಿತು.

ಡೇರೆಯಲ್ಲಿ ನಿಂತು ಕಥೆ ಹೇಳಿದ ಹೆಂಗಸು ಅಳುತ್ತ ಹೇಳಲಿಲ್ಲ. ನಿರರ್ಗಳವಾಗಿ ಹೇಳಿದಳು ಎಂದು ವಿಲ್ಕ್ಸ್ ಬರೆಯುತ್ತಾನೆ. ಅದನ್ನು ನಾವು ಸುಮ್ಮನೆ ದಾಟಬಾರದು. ಕುಲ ಉಳಿಸಿದವಳ ಸಂತತಿ ನಾವು ಎಂಬ ಹೆಮ್ಮೆ ಆ ಮಾತಿನಲ್ಲಿ ಇದ್ದಿರಬಹುದು. ನೋವಿಗೆ ಅರ್ಥ ಬೇಕಾಗುತ್ತದೆ. ಅರ್ಥ ಸಿಕ್ಕಿದ ಮೇಲೆ ನೋವು ಕೊಟ್ಟವರ ಮೇಲೆ ಸಿಟ್ಟು ಬರುವುದಿಲ್ಲ, ನೋವಾಗದವರ ಮೇಲೆ ಅನುಮಾನ ಬರುತ್ತದೆ. ‘ಅವಳು ಬೆರಳು ಕೊಟ್ಟಿಲ್ಲವಂತೆ’ ಎಂಬ ಪಿಸುಮಾತು ಒಂದು ಸಂಬಂಧ ಮುರಿಯಲು ಸಾಕಾಗುತ್ತಿತ್ತು. ಆಚಾರಗಳನ್ನು ಕಾಯುವುದು ದೇವರ ಭಯಕ್ಕಿಂತ ಹೆಚ್ಚಾಗಿ ಇಂಥ ಪಿಸುಮಾತೇ.

ಬೆರಳು ಕತ್ತರಿಸುವ ಆಚಾರ ನಮ್ಮಲ್ಲಿ ಮಾತ್ರ ಇದ್ದದ್ದೇನಲ್ಲ. ನ್ಯೂಗಿನಿ ದ್ವೀಪದ ದಾನಿ ಜನರಲ್ಲಿ ಮನೆಯಲ್ಲಿ ಸಾವಾದಾಗ ಹೆಣ್ಣುಮಕ್ಕಳ ಬೆರಳಿನ ಗೆಣ್ಣು ತೆಗೆಯುವ ಪದ್ಧತಿ ಇತ್ತು. ಮದುವೆಯ ಸುತ್ತ ಶಕುನಗಳನ್ನು ಹೆಣೆಯುವುದಂತೂ ಎಲ್ಲ ನಾಡಿನ ಹಳ್ಳಿಯವರ ಗುಣ. ನಮ್ಮಲ್ಲಿ ಆಷಾಢದಲ್ಲಿ ಮದುವೆಯಿಲ್ಲ, ಐರ್ಲೆಂಡಿನ ಹಳ್ಳಿಗಳಲ್ಲಿ ಮೇ ತಿಂಗಳ ಮದುವೆ ಕೇಡೆಂದು ನಂಬಿದ್ದರು. ಅವರಿಗೆ ಲೆಂಟ್ ಉಪವಾಸ ಶುರುವಾಗುವ ಮುಂಚಿನ ದಿನಗಳೇ ಮದುವೆಯ ಸುಗ್ಗಿ. ಬಿತ್ತನೆ ಹೊತ್ತಿಗೆ ಕೈಗಳು ಹೊಲದಲ್ಲಿರಬೇಕು ಎಂಬ ಬೇಸಾಯದ ವಿವೇಕ ಇಂಥ ನಿಷೇಧಗಳ ಹಿಂದೆ ಎಷ್ಟೋ ಕಡೆ ಇರುತ್ತದೆ. ಎಲ್ಲವನ್ನೂ ಮೂಢನಂಬಿಕೆ ಎಂದು ಒಂದೇ ಗಂಟಿಗೆ ಕಟ್ಟಿದರೆ ಏನೂ ತಿಳಿಯುವುದಿಲ್ಲ.

ಚಪ್ಪರಕ್ಕೆ ಹಾಲು ಬರುವ ಮರದ ಕೊಂಬೆ ನೆಡುವುದು, ಕುಂಬಾರರ ಮನೆಯಿಂದ ಐರಾಣಿ ಕೊಡ ತರುವುದು, ಹಣೆಗೆ ಬಾಸಿಂಗ ಕಟ್ಟುವುದು, ಕೆನ್ನೆಗೆ ದೃಷ್ಟಿಬೊಟ್ಟು ಇಡುವುದು ಇವುಗಳಿಂದ ಯಾರಿಗೂ ಕೆಡುಕಿಲ್ಲ. ಊರಿನ ಕಸುಬಿನವರೆಲ್ಲ ಒಂದು ಮದುವೆಯಲ್ಲಿ ಪಾಲು ಪಡೆಯುವುದಕ್ಕೂ ಅವು ದಾರಿಯಾಗಿದ್ದವು. ಕುಂಬಾರನಿಗೆ ಕೊಡದ ಪಡಿ, ಓಲಗದವರಿಗೆ ಸಂಭಾವನೆ. ಕಮ್ಮಾರನ ಉಳಿಗೂ ಇದೇ ಪಟ್ಟಿಯಲ್ಲಿ ಒಂದು ಸಾಲು ಇತ್ತು ಎಂಬುದೇ ಇಲ್ಲಿ ಮನಸ್ಸಿಗೆ ಚುಚ್ಚುವ ಸಂಗತಿ. ಎಷ್ಟು ಘೋರವಾದದ್ದೂ ಪಟ್ಟಿಯೊಳಗೆ ಸೇರಿದರೆ ಸಾಮಾನ್ಯವಾಗಿಬಿಡುತ್ತದೆ.

ಈ ಆಚಾರ ನಿಂತದ್ದು ಹೇಗೆ? ಇಲ್ಲಿ ಇತಿಹಾಸಕ್ಕೂ ಜನರ ನೆನಪಿಗೂ ಒಂದು ಜಗಳವಿದೆ. ಬೆಂಗಳೂರು ಕಟ್ಟಿದ ಯಲಹಂಕದ ಕೆಂಪೇಗೌಡರು ಬಂಡಿ ದೇವರ ಹಬ್ಬದಲ್ಲಿ ಹೆಣ್ಣುಮಕ್ಕಳ ಬೆರಳು ಕತ್ತರಿಸುವುದನ್ನು ನಿಲ್ಲಿಸಿದರು ಎಂಬ ಮಾತು ಅವರ ಬಗ್ಗೆ ಬರೆದ ಕಡೆಯೆಲ್ಲ ಬರುತ್ತದೆ. ಕೆಂಪೇಗೌಡರು ತೀರಿಕೊಂಡದ್ದು 1569ರಲ್ಲಿ. ವಿಲ್ಕ್ಸ್‌ನ ಡೇರೆಗೆ ಆ ಏಳು ಮಂದಿ ಬಂದದ್ದು 1805ರಲ್ಲಿ. ನಡುವೆ ಇನ್ನೂರ ಮೂವತ್ತಾರು ವರ್ಷ. ಯಲಹಂಕದಿಂದ ದೇವನಹಳ್ಳಿಗೆ ದೂರವೂ ಬಹಳವಿಲ್ಲ.

ಹಾಗಾದರೆ ಕೆಂಪೇಗೌಡರ ಮಾತು ಸುಳ್ಳೇ? ಹಾಗೆನ್ನಬೇಕಾಗಿಲ್ಲ. ಅವರು ತಮ್ಮ ಮನೆತನದಲ್ಲಿ, ತಮ್ಮ ಆಳ್ವಿಕೆಯ ಸೀಮೆಯಲ್ಲಿ ನಿಲ್ಲಿಸಿರಬಹುದು. ಆವತಿ ಮೂಲದ ಗೌಡರ ಮನೆತನಗಳು ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳಲ್ಲಿ ಬೇರೆ ಬೇರೆಯಾಗಿ ಆಳುತ್ತಿದ್ದವು. ಒಬ್ಬರ ಅಪ್ಪಣೆ ಇನ್ನೊಬ್ಬರ ಗಡಿಯಲ್ಲಿ ನಡೆಯುತ್ತಿರಲಿಲ್ಲ. ಆಳುವವನ ಅಪ್ಪಣೆ ಅವನ ಜೊತೆಗೇ ಸತ್ತಿರಲೂಬಹುದು. ನಮ್ಮವನೇ ನಿಲ್ಲಿಸಿದ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಸಮಾಧಾನವೂ ಇದೆ. ನಾಚಿಕೆಯ ವಿಷಯಕ್ಕೆ ಮರ್ಯಾದೆಯ ಕೊನೆಯೊಂದು ಬೇಕಾಗುತ್ತದೆ. ಆದರೆ ಕೊನೆ ಅಲ್ಲಿ ಆಗಿರಲಿಲ್ಲ ಎಂಬುದಕ್ಕೆ ಆ ಏಳು ಮಂದಿಯ ಕೈಗಳೇ ಸಾಕ್ಷಿ. ಕೆಂಪೇಗೌಡರನ್ನು ಹೊಗಳುವ ಭರದಲ್ಲಿ ಅವರ ನಂತರ ಬೆರಳು ಕೊಟ್ಟ ಹೆಂಗಸರನ್ನು ಇಲ್ಲವಾಗಿಸುವುದು ನ್ಯಾಯವಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಸರ್ಕಾರ ಇದನ್ನು ನಿಷೇಧಿಸಿತು. ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಆಚಾರ ಸಾಯಲಿಲ್ಲ, ರೂಪ ಬದಲಿಸಿತು. ಬೆರಳಿಗೆ ಚಿನ್ನದ ಅಥವಾ ಬೆಳ್ಳಿಯ ತುಂಡೊಂದನ್ನು ಸುತ್ತಿ, ಬೆರಳಿನ ಬದಲು ಅದನ್ನು ತೆಗೆದು ದೇವರಿಗೆ ಒಪ್ಪಿಸತೊಡಗಿದರು. ದೇವರೂ ಒಪ್ಪಿದ. ಮಳೆ ನಿಲ್ಲಲಿಲ್ಲ, ಮದುವೆ ಮುರಿಯಲಿಲ್ಲ, ವಂಶ ಬೆಳೆಯಿತು.

ಜನ ಅಷ್ಟು ಸುಲಭವಾಗಿ ಇದಕ್ಕೆ ಹೊಂದಿಕೊಂಡದ್ದಕ್ಕೆ ಕಾರಣ ಕಥೆಯಲ್ಲೇ ಇದೆ ಎಂದು ನನಗೆ ತೋರುತ್ತದೆ. ಮೂಲ ಕಥೆಯೇ ಬದಲಿಯ ಕಥೆ. ಗಂಡನ ಬೆರಳಿಗೆ ಬದಲು ಹೆಂಡತಿಯ ಬೆರಳನ್ನು ಶಿವ ಒಪ್ಪಿಕೊಂಡ ಮೇಲೆ, ಹೆಂಡತಿಯ ಬೆರಳಿಗೆ ಬದಲು ಚಿನ್ನವನ್ನು ಒಪ್ಪದಿರಲು ಕಾರಣವೇನು? ಬಾಗಿಲು ಮೊದಲಿನಿಂದಲೂ ತೆರೆದೇ ಇತ್ತು. ಅದರೊಳಗೆ ಕಾಲಿಡಲು ಮಾತ್ರ ಎಷ್ಟೋ ತಲೆಮಾರು ಬೇಕಾಯಿತು. ಅಲ್ಲಿಯವರೆಗೆ ಕಮ್ಮಾರನ ಉಳಿ ನಡೆಯುತ್ತಲೇ ಇತ್ತು.

ಕಾನೂನು ಒಂದರಿಂದಲೇ ಆಚಾರ ಬದಲಾಗುವುದಿಲ್ಲ, ಕಾನೂನು ಇಲ್ಲದೆಯೂ ಬದಲಾಗುವುದಿಲ್ಲ. ಮೈಸೂರು ಸಂಸ್ಥಾನ 1894ರಲ್ಲಿ ಶಿಶು ವಿವಾಹ ತಡೆಯುವ ಕಾಯಿದೆ ತಂದಿತು. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನು ಅದು ನಿಷೇಧಿಸಿತು. ಎಂಟು ವರ್ಷ! ಇವತ್ತು ಓದಿದರೆ ಇಷ್ಟೇನೇ ಎನ್ನಿಸುತ್ತದೆ. ಅಂದು ಅಷ್ಟಕ್ಕೇ ಸಂಪ್ರದಾಯ ಕೆಟ್ಟಿತೆಂದು ಗೊಣಗಿದವರಿದ್ದರು. ಬ್ರಿಟಿಷ್ ಭಾರತದಲ್ಲಿ ಶಾರದಾ ಕಾಯಿದೆ ಬಂದದ್ದು ಅದಾಗಿ ಮೂವತ್ತೈದು ವರ್ಷದ ಮೇಲೆ, 1929ರಲ್ಲಿ.

ಇನ್ನೊಂದು ಬದಲಾವಣೆ ಯಾವ ಸರ್ಕಾರದ ಅಪ್ಪಣೆಯೂ ಇಲ್ಲದೆ ಆಯಿತು. ಬೇಸಾಯದ ಜಾತಿಗಳಲ್ಲಿ ಹಿಂದೆ ಗಂಡಿನ ಕಡೆಯವರು ಹೆಣ್ಣಿಗೆ ‘ತೆರ’ ಕೊಡುತ್ತಿದ್ದರು. ಎಂ.ಎನ್. ಶ್ರೀನಿವಾಸ್ ಅವರು ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ 1942ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ವಿವರಗಳಿವೆ. ಹೊಲದಲ್ಲಿ ದುಡಿಯುವ ಒಂದು ಜೊತೆ ಕೈ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತದಲ್ಲ, ಅದಕ್ಕೆ ಬೆಲೆ. ಓದು, ನೌಕರಿ, ಪಟ್ಟಣದ ಮನೆ ಬಂದ ಹಾಗೆ ತೆರ ಹೋಗಿ ವರದಕ್ಷಿಣೆ ಬಂತು. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂದರೂ ಅದು ಎಷ್ಟು ಕಲ್ಯಾಣ ಮಂಟಪಗಳ ಬಾಗಿಲಲ್ಲೇ ನಿಂತುಬಿಟ್ಟಿದೆ ಎಂಬುದು ಎಲ್ಲರಿಗೂ ಗೊತ್ತು. ಬೆರಳಿನ ಬದಲು ಚಿನ್ನ ಎಂದು ಶುರುವಾದದ್ದು ಬೇರೆ, ಚಿನ್ನವಿಲ್ಲದೆ ಮದುವೆಯೇ ಇಲ್ಲ ಎಂದಾದದ್ದು ಬೇರೆ. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೆ ತೆರುವ ಕಡೆ ಮಾತ್ರ ಬದಲಾಗಿಲ್ಲ. ಈಗಲೂ ಅದು ಹೆಣ್ಣು ಹೆತ್ತವರದೇ.

ಶಕುನದ ಭಾರವೂ ಹಾಗೆಯೇ. ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿ ಮಾವನಿಗೆ ಆಗುವುದಿಲ್ಲ, ಆಶ್ಲೇಷದವಳು ಅತ್ತೆಗೆ ಆಗುವುದಿಲ್ಲ ಎನ್ನುತ್ತಾರೆ. ಅದೇ ನಕ್ಷತ್ರದ ಹುಡುಗನಿಂದ ಅವನ ಅತ್ತೆ ಮಾವನಿಗೆ ಏನಾಗುತ್ತದೆ ಎಂದು ಕೇಳಿದವರು ಎಷ್ಟು ಮಂದಿ? ಗಂಡ ಸತ್ತವಳನ್ನು ಹಸೆಮಣೆಯ ಹತ್ತಿರ ಬಿಡುವುದಿಲ್ಲ, ಹೆಂಡತಿ ಸತ್ತವನು ಮುಂದಿನ ಸಾಲಿನಲ್ಲಿ ಕೂತು ಅಕ್ಷತೆ ಹಾಕುತ್ತಾನೆ. ಹೆತ್ತ ತಾಯಿಯೇ ವಿಧವೆಯಾದರೆ ಮಗಳ ಧಾರೆಯ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲಬೇಕು. ಅಲ್ಲಿ ಕಮ್ಮಾರನಿಲ್ಲ, ಉಳಿಯಿಲ್ಲ, ರಕ್ತವೂ ಇಲ್ಲ. ಆದ್ದರಿಂದ ಯಾವ ವಿಲ್ಕ್ಸನೂ ಅದನ್ನು ಆಶ್ಚರ್ಯದಿಂದ ಬರೆದಿಡುವುದಿಲ್ಲ.

ಹಳೆಯ ಆಚಾರವೊಂದನ್ನು ಅಗೆದು ತೆಗೆಯುವುದು ಯಾವುದೋ ಒಂದು ಸಮುದಾಯವನ್ನು ಬೆರಳು ಮಾಡಿ ತೋರಿಸುವುದಕ್ಕಲ್ಲ. ಬೆರಳು ಕೊಟ್ಟವರ ಮೊಮ್ಮಕ್ಕಳು ಅದನ್ನು ಬಿಟ್ಟು ಎಷ್ಟೋ ಮುಂದೆ ಬಂದಿದ್ದಾರೆ. ಬಿಡಬಹುದು, ಬಿಟ್ಟರೆ ಏನೂ ಆಗುವುದಿಲ್ಲ ಎಂದು ಅವರು ತೋರಿಸಿಕೊಟ್ಟಿದ್ದಾರೆ. ಅದು ಉಳಿದ ನಮಗೆಲ್ಲ ಪಾಠವಾಗಬೇಕು. ಇಂದು ‘ಇದೊಂದು ಬಿಟ್ಟರೆ ಕೇಡಾಗುತ್ತದೆ’ ಎಂದು ನಾವು ಹೆದರುವ ಶಾಸ್ತ್ರಗಳ ಬಗ್ಗೆ ಅಂದು ಆ ಏಳು ಮಂದಿಯೂ ಅಷ್ಟೇ ಗಟ್ಟಿಯಾಗಿ ನಂಬಿದ್ದರು.

ಧಾರೆ ಎರೆಯುವಾಗ ತಾಯಿ ಬಲಗೈಯಲ್ಲಿ ಗಿಂಡಿ ಹಿಡಿದು, ಮಗಳ ಮತ್ತು ಅಳಿಯನ ಸೇರಿಸಿದ ಕೈಗಳ ಮೇಲೆ ಹಾಲು ನೀರು ಬಿಡುತ್ತಾಳೆ. ಓಲಗದ ಸದ್ದು ಏರುತ್ತದೆ, ಎಲ್ಲರ ಕಣ್ಣು ವಧೂವರರ ಮೇಲೆ. ಇನ್ನೊಮ್ಮೆ ನಮ್ಮ ಸೀಮೆಯ ಮದುವೆಗೆ ಹೋದಾಗ ಒಂದು ಗಳಿಗೆ ಆ ಗಿಂಡಿ ಹಿಡಿದ ಕೈಯನ್ನೂ ನೋಡಿ. ಐದು ಬೆರಳೂ ಪೂರ್ತಿಯಾಗಿವೆ. ಅವಳು ಹಾಗೆ ನಿಲ್ಲುವಂತಾಗಲು ಬಹಳ ಕಾಲ ಹಿಡಿಯಿತು. ಆಮೇಲೆ, ಆ ತಾಯಿ ವಿಧವೆಯಾಗಿದ್ದರೆ ಗಿಂಡಿ ಯಾರ ಕೈಯಲ್ಲಿರುತ್ತಿತ್ತು ಎಂದೂ ಯೋಚಿಸಿ.